ಟಪಾಲಣ್ಣ ಒತ್ತಿಸಿದ ನೂರಾ ಏಳು ಮೊಹರು

ಮೊನ್ನೆ ಸೋಮವಾರ ಹೊನ್ನಾವರದ ಒಂದು ಕಚೇರಿಗೆ ಹೋಗಿದ್ದೆ. ನಾನು ಪಂಚಾಯತಿ ಗ್ರಂಥಾಲಯ ನೋಡಿಕೊಳ್ಳುವವಳು. ನಮ್ಮಂಥವರ ಕೆಲಸದ ಹೊತ್ತು, ರಜೆ ಇವುಗಳ ಬಗ್ಗೆ ಒಂದು ಮನವಿ ಬರೆದು, ಜೊತೆಯವರ ಸಹಿ ಹಾಕಿಸಿಕೊಂಡು ಒಯ್ದಿದ್ದೆ. ಮೇಜಿನ ಹಿಂದಿದ್ದ ಗುಮಾಸ್ತ ತಲೆ ಎತ್ತದೆ, "ಅಲ್ಲಿ ಟ್ರೇಲಿ ಇಟ್ಟು ಹೋಗಿ ಮೇಡಂ" ಅಂದ. "ಇಟ್ಟು ಹೋಗೂದಿಲ್ಲ. ನನ್ನ ಪ್ರತಿ ಮೇಲೆ ಮೊಹರು ಒತ್ತಿ ಕೊಡಿ" ಅಂದೆ. ಅವನು ಉಸಿರು ಬಿಟ್ಟು, ಡ್ರಾವರಿನಿಂದ ತಗಡಿನ ಇಂಕ್ ಪ್ಯಾಡು ತೆಗೆದು ಮುಚ್ಚಳ ಬಿಚ್ಚಿದ. ನೇರಳೆ ಶಾಯಿಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು... ನನಗೆ ಟಪಾಲಣ್ಣ ನೆನಪಾದ.

ಟಪಾಲಣ್ಣ ಎಂದರೆ ನಮ್ಮೂರ ಪೋಸ್ಟ್‌ಮನ್. ನಮ್ಮೂರು ಹಳದೀಪುರದ ಹೆದ್ದಾರಿಯಿಂದ ಇಳಿದು ಸ್ವಲ್ಪ ಒಳಗೆ, ಹೊಳೆಯ ದಡದಲ್ಲಿದೆ. ಅವನ ಮನೆಯ ಹೊರಜಗಲಿಯೇ ನಮ್ಮ ಪೋಸ್ಟಾಫೀಸು. ಒಂದು ಮೇಜು, ಒಂದು ತೂಕದ ತಕ್ಕಡಿ, ಕಂಬಕ್ಕೆ ನೇತು ಹಾಕಿದ ಕೆಂಪು ಡಬ್ಬಿ. ಬೆಳಿಗ್ಗೆ ಅಲ್ಲಿ ಕೂತು ಠಸ್ಸೆ ಒತ್ತುತ್ತಿದ್ದ, ಮಧ್ಯಾಹ್ನ ಸೈಕಲ್ ಹತ್ತಿ ಹಂಚುತ್ತಿದ್ದ. ಎಂಬತ್ತರ ಅಜ್ಜಿಗೂ ಅವನು ಟಪಾಲಣ್ಣನೇ, ಅಂಗನವಾಡಿ ಮಗುವಿಗೂ ಟಪಾಲಣ್ಣನೇ. ಅವನಿಗೆ ಬಹುವಚನ ಹಚ್ಚಿ ಮಾತಾಡಿದವರನ್ನು ನಾನು ಕಂಡಿಲ್ಲ. ಹಾಗಾಗಿ ಇಲ್ಲೂ ಹಚ್ಚುವುದಿಲ್ಲ.

ಅವನಿಗೊಂದು ಹಟವಿತ್ತು. ಸಹಿ ಇಲ್ಲದೆ ರಿಜಿಸ್ಟರನ್ನಾಗಲಿ ಮನಿಯಾರ್ಡರನ್ನಾಗಲಿ ಕೊಡುತ್ತಿರಲಿಲ್ಲ. ಅದು ಎಲ್ಲ ಪೋಸ್ಟ್‌ಮನ್ನರಿಗೂ ಇರುವ ನಿಯಮವೇ. ಆದರೆ ಇವನಿಗೆ ಹೆಬ್ಬೆಟ್ಟು ಕಂಡರೆ ಆಗುತ್ತಿರಲಿಲ್ಲ. ನನ್ನ ಅವ್ವ ಹೊಳೆಯಲ್ಲಿ ಬಳಚು ಎಂಬ ಚಿಪ್ಪಿ ಆರಿಸಿ ಮಾರುವವಳು. ಅಪ್ಪ ಹೋದ ಮೇಲೆ ಅವಳಿಗೆ ತಿಂಗಳಿಗೊಮ್ಮೆ ವಿಧವಾ ವೇತನದ ಮನಿಯಾರ್ಡರು ಬರುತ್ತಿತ್ತು. ಅವ್ವ ಹೆಬ್ಬೆರಳು ಚಾಚಿದರೆ ಟಪಾಲಣ್ಣ, "ಹೆಬ್ಬೆಟ್ಟು ಸರ್ಕಾರಕ್ಕೆ ಸಾಕು, ನಂಗೆ ಸಾಕಾಗೂದಿಲ್ಲ. ಈ ತಿಂಗ್ಳು ಒಂದಕ್ಷರ ಬರಿ" ಅನ್ನುತ್ತಿದ್ದ. ಅವ್ವ ಕೈಯ ಕೆಸರನ್ನು ಸೀರೆಗೆ ಒರೆಸಿ, ಬೈಯುತ್ತ, ಒಂದಕ್ಷರ ಗೀಚುತ್ತಿದ್ದಳು. ಅವಳ ಹೆಸರಿನಲ್ಲಿ ನಾಲ್ಕಕ್ಷರ. ಐದನೆಯ ತಿಂಗಳು ಪೂರ್ತಿ ಹೆಸರು ಬರೆದು, ಅದನ್ನು ಮೂರು ಸಲ ನೋಡಿ, "ಇಷ್ಟೇನಾ ನನ್ನ ಹೆಸ್ರು? ಸಣ್ಣದಾತು" ಅಂದಿದ್ದಳಂತೆ.

ನಾನು ಬಿ.ಎ. ಎರಡನೇ ವರ್ಷದಲ್ಲಿದ್ದಾಗ ಊರಿಗೊಂದು ನೋಟೀಸು ಬಂತು. ನಮ್ಮ ಗಜನಿಗೆ ಮಣ್ಣು ತುಂಬಿಸಿ ಜೆಟ್ಟಿಯನ್ನೂ ಗೋಡೌನುಗಳನ್ನೂ ಕಟ್ಟುವ ಪ್ರಸ್ತಾಪವಿದೆ, ಆಕ್ಷೇಪಣೆ ಇದ್ದವರು ಇಂಥ ದಿನದೊಳಗೆ ಬರೆದು ಕಾರವಾರದ ಕಚೇರಿಗೆ ತಲುಪಿಸಬೇಕು ಎಂದು. ಗಜನಿ ಎಂದರೆ ಹೊಳೆಯ ಉಪ್ಪುನೀರು ಏರಿಳಿಯುವ ತಗ್ಗಿನ ಗದ್ದೆ. ಮಳೆಗಾಲದಲ್ಲಿ ಅಲ್ಲಿ ಕಗ್ಗ ಎಂಬ ಉಪ್ಪು ತಡೆಯುವ ಭತ್ತ, ಆಮೇಲೆ ಸಿಗಡಿ, ಏಡಿ, ಬಳಚು. ನಾನು ಕಾಲೇಜಿಗೆ ಹೋದದ್ದು ಆ ಬಳಚಿನ ಬುಟ್ಟಿಯ ಮೇಲೆ ಕೂತು ಅಂದರೆ ತಪ್ಪಾಗದು.

ಕೇರಿಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಆಕ್ಷೇಪಣೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು, ನಾನೂ ಹೆಮ್ಮೆಯಿಂದಲೇ ಹೊತ್ತೆ. ಒಬ್ಬೊಬ್ಬರೂ ಹೇಳಿದ್ದನ್ನು ಅವರವರ ಮಾತಲ್ಲೇ ಬರೆದೆ. ಒಬ್ಬಳು ಅಜ್ಜಿ ಬರೆಸಿದ್ದು ಇಷ್ಟೇ: "ನನ್ನ ಸೊಸೆಗೆ ಏಡಿ ಇಲ್ದೆ ಅನ್ನ ಇಳಿಯೂದಿಲ್ಲ. ಗಜನಿ ತುಂಬ್ಸಿದ್ಮೇಲೆ ಸಾಹೇಬ್ರು ಏಡಿ ತಂದ್ಕೊಡ್ತಾರಾ, ಕೇಳಿ ತಿಳ್ಸೂದು." ನೂರಾ ಏಳು ಆಕ್ಷೇಪಣೆ, ನೂರಾ ಏಳು ಲಕೋಟೆ. ನೂರಾ ಏಳರಲ್ಲಿ ಟಪಾಲಣ್ಣನದೂ ಒಂದು. ಅವನ ಅಂಗಳದ ಆಚೆಯೇ ಗಜನಿ. ಎಲ್ಲವನ್ನೂ ರಿಜಿಸ್ಟರ್ ಮಾಡಿಸಬೇಕು ಎಂದು ಚೀಲದಲ್ಲಿ ತುಂಬಿಟ್ಟೆವು.

ಆ ಹೊತ್ತಿಗೆ ಸರಿಯಾಗಿ ಅಂಚೆಯವರ ಮುಷ್ಕರ ಶುರುವಾಯಿತು.

ಹಳ್ಳಿ ಪೋಸ್ಟಿನವರ ಸಂಕಟ ಆಗ ನಮಗೆ ಗೊತ್ತಿರಲಿಲ್ಲ. ಬೆಳಗಿನಿಂದ ಸಂಜೆವರೆಗೆ ದುಡಿದರೂ ಕಾಗದದ ಮೇಲೆ ಟಪಾಲಣ್ಣ ದಿನಕ್ಕೆ ಕೆಲವೇ ತಾಸಿನ ನೌಕರ. ಊರಿನ ಎಲ್ಲ ಮುದುಕರ ಪಿಂಚಣಿ ಮನೆಬಾಗಿಲಿಗೆ ಒಯ್ದು ಕೊಡುವವನಿಗೆ ತನ್ನದೆಂಬ ಪಿಂಚಣಿ ಇರಲಿಲ್ಲ. ನಿವೃತ್ತಿಗೆ ಒಂದೇ ವರ್ಷ ಉಳಿದಿತ್ತು. ಅವನು ಜಗಲಿಯ ಮೇಜಿಗೆ ಬಟ್ಟೆ ಹೊದಿಸಿ, ದಿನಾ ಬೆಳಿಗ್ಗೆ ಬಸ್ಸು ಹತ್ತಿ ಹೊನ್ನಾವರದ ಮುಷ್ಕರದ ಪೆಂಡಾಲಿಗೆ ಹೋಗಿ ಕೂರತೊಡಗಿದ. ಇವತ್ತು ಮುಗಿದೀತು, ನಾಳೆ ಮುಗಿದೀತು ಎಂದು ನಾವು ಕಾದೆವು. ಮುಗಿಯಲಿಲ್ಲ. ಊರಿನವರು ಅವನ ಜೊತೆ ಮಾತು ಬಿಟ್ಟರು. ನಾನೂ ಬಿಟ್ಟೆ.

ಕೊನೆಯ ದಿನಕ್ಕೆ ಒಂದು ದಿನ ಉಳಿದಾಗ, ಸಂಜೆ ಅವನು ಬಸ್ಸಿಳಿದು ಬರುವುದನ್ನೇ ಕಾದು ಎಲ್ಲರೂ ಅವನ ಜಗಲಿಯಲ್ಲಿ ಸೇರಿದರು. ಗಜನಿ ಸಮಿತಿಗೆ ಮುಖ್ಯಸ್ಥನಾಗಿದ್ದ ಅಂಗಡಿಯಣ್ಣ ನೇರವಾಗಿ ಕೇಳಿದ: "ಒಂದು ತಾಸು ಬಾಗ್ಲು ತೆಗಿ ಮಾರಾಯಾ. ಇವತ್ತಿನ ತಾರೀಖಿನ ಠಸ್ಸೆ ಬಿದ್ರೆ ಸಾಕು, ಒತ್ತಿ ಚೀಲ ಕಟ್ಟು, ಮತ್ತೆ ಮುಷ್ಕರ ಮಾಡ್ಕ. ಯಾರು ನೋಡ್ತ್ರು?"

"ನಾ ನೋಡ್ತೆ ಅಲ್ದಾ" ಅಂದ ಟಪಾಲಣ್ಣ. "ಪೆಂಡಾಲಲ್ಲಿ ಭಟ್ಕಳದಿಂದ ಕುಮಟಾದವರೆಗಿನ ನಮ್ಮವ್ರು ಕೂತೀರು. ಒಬ್ಬೊಬ್ನ ಊರಲ್ಲೂ ಒಂದೊಂದು ಅರ್ಜೆಂಟ್ ಇದ್ದು. ಎಲ್ರೂ ಒಂದೊಂದು ತಾಸು ತೆಗ್ದ್ರೆ ಮುಷ್ಕರ ಎಂತದು?"

"ಗಜನಿ ಹೋದ್ರೂ ಅಡ್ಡಿಲ್ಲ, ಮುಷ್ಕರ ನಡೀಲಿ ಅಂದ್ಹಾಗೆ ಆತು. ನೀ ಕಡೆಗೆ ಪಿಂಚಣಿ ತಗಂಡು ಎಲ್ಲಿ ಕೂತ್ಕತೆ? ಗೋಡೌನಲ್ಲಾ?" ಹಿಂದಿನಿಂದ ಯಾರೋ ಚುಚ್ಚಿದರು.

ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. "ನಮ್ಮೆಲ್ಲರ ಹೊಟ್ಟೆಗಿಂತ ನಿನ್ನೊಬ್ಬನ ಮುಷ್ಕರ ದೊಡ್ಡದಾ ಟಪಾಲಣ್ಣ?" ಅಂದುಬಿಟ್ಟೆ. ಇವತ್ತಿಗೂ ಆ ಮಾತು ನೆನೆದರೆ ಕಿವಿ ಬಿಸಿಯಾಗುತ್ತದೆ.

ಅವನು ಸಿಟ್ಟಾಗಲಿಲ್ಲ. ಚಪ್ಪಲಿ ಬಿಟ್ಟು, ಕಾಲು ತೊಳೆದು ಬಂದು, ನನ್ನ ಎದುರಿಗೆ ಕೂತ. "ತಂಗಿ, ನೀ ಕಾಲೇಜಿಗೆ ಹೋಪವಳು. ನೋಟೀಸು ಪೂರ್ತಿ ಓದಿದ್ಯಾ?"

"ಓದಿದ್ದೆ."

"ಕಡೇ ಸಾಲು ಓದು."

ಗೋಡೆಗೆ ಅಂಟಿಸಿದ್ದ ನೋಟೀಸಿನ ಹತ್ತಿರ ಹೋಗಿ ಗಟ್ಟಿಯಾಗಿ ಓದಿದೆ. 'ಅಂಚೆಯ ಮೂಲಕ ಅಥವಾ ಖುದ್ದಾಗಿ, ಕೊನೆಯ ದಿನ ಸಂಜೆ ಐದರೊಳಗೆ.' ಕೇರಿಯ ಏಕೈಕ ಕಾಲೇಜು ಕನ್ಯೆ ನೋಟೀಸಿನ ಮುಕ್ಕಾಲು ಓದಿ ಪೆನ್ನು ಹಿಡಿದಿದ್ದಳು!

"ಮೊದ್ಲೇ ಹೇಳೂಕೆ ಎಂತ ಆಗಿತ್ತು ನಿಂಗೆ?" ಅಂಗಡಿಯಣ್ಣ ರೇಗಿದ.

"ಐದು ದಿನದಿಂದ ನನ್ಹತ್ರ ಯಾರು ಮಾತಾಡೀರಿ, ಹೇಳೂಕೆ?" ಅಂದ ಟಪಾಲಣ್ಣ. ಮೊದಲು ನಕ್ಕವಳು ಅವ್ವ. ಆಮೇಲೆ ಎಲ್ಲರೂ.

ಬೆಳಿಗ್ಗೆ ಮೊದಲ ಬಸ್ಸಿಗೆ ಹಳದೀಪುರದ ಹೆದ್ದಾರಿಯಲ್ಲಿ ನಾವು ಮೂವತ್ತೆಂಟು ಜನ. ಟಪಾಲಣ್ಣ ಖಾಕಿ ಬಿಟ್ಟು ಮದುವೆಗೆ ಹೋಗುವ ಬಿಳಿ ಅಂಗಿ ತೊಟ್ಟಿದ್ದ. ಲಕೋಟೆಗಳ ಚೀಲ ಹಿಡಿ ಎಂದರೆ ಕೈ ಹಿಂದೆ ಕಟ್ಟಿಕೊಂಡ. "ಅದ್ನ ನಾ ಹೊತ್ರೆ ಕೆಲ್ಸಕ್ಕೆ ಹಾಜರಾದ್ಹಂಗೆ ಆತು. ನನ್ನದೊಂದು ಕೊಡಿ, ನಾನೂ ಊರವನೇ." ಬರಲಾಗದವರ ಲಕೋಟೆಗಳನ್ನು ಅವರವರ ನೆರೆಯವರು ಹಿಡಿದುಕೊಂಡರು. ಕಂಡಕ್ಟರ್ ನೋಡಿ, "ಎಂತ, ಮದ್ವೆ ದಿಬ್ಬಣವಾ?" ಅಂದ. "ಹೌದು, ಹುಡ್ಗಿ ಕಡೆಯವ್ರು ನಾವು. ಹುಡ್ಗಿ ಕೊಡೂದಿಲ್ಲ ಅಂತ ಹೇಳೂಕೆ ಹೊಂಟದ್ದು" ಅಂದಳು ಅವ್ವ. ಕುಮಟಾ ದಾಟುವವರೆಗೂ ಬಸ್ಸಿನಲ್ಲಿ ನಗು ನಿಂತಿರಲಿಲ್ಲ.

ಹಿಂದಿನ ಸಂಜೆ ಟಪಾಲಣ್ಣ ನನ್ನಿಂದ ಒಂದು ಪಟ್ಟಿ ಬರೆಸಿದ್ದ. ಕ್ರಮಸಂಖ್ಯೆ, ಹೆಸರು, ಮುಂದೆ ಒಂದು ಖಾಲಿ ಚೌಕ. ಯಾಕೆಂದು ಆಗ ನಾನು ಕೇಳಿರಲಿಲ್ಲ. ಕಾರವಾರದ ಕಚೇರಿಯಲ್ಲಿ ಕಾಗದ ತೆಗೆದುಕೊಳ್ಳುವ ಮೇಜಿನ ಗುಮಾಸ್ತ ನಮ್ಮ ಸಾಲು ಕಂಡು, "ಎಲ್ಲಾ ಒಂದೇ ವಿಷ್ಯ ಅಲ್ವಾ? ಒಟ್ಟಿಗೆ ಕಟ್ಟಿ ಇಡಿ, ಒಂದೇ ನಂಬರ್ ಹಾಕ್ತೆ" ಅಂದಾಗ ತಿಳಿಯಿತು.

"ಒಟ್ಟಿಗೆ ಕಟ್ಟಿದ್ರೆ ಒಂದೇ ಆಕ್ಷೇಪಣೆ ಆತು ಸಾಹೇಬ್ರೆ" ಅಂದ ಟಪಾಲಣ್ಣ. "ನಾವು ನೂರಾ ಏಳು ಜನ ಬರ್ದದ್ದು. ಒಂದೊಂದಕ್ಕೂ ನಂಬರು, ಈ ಪಟ್ಟೀಲಿ ಒಂದೊಂದು ಹೆಸ್ರ ಮುಂದೂ ಮೊಹರು, ನಿಮ್ಮ ಸಹಿ."

"ಅಷ್ಟಕ್ಕೂ ಸಹಿ ಹಾಕ್ತಾ ಕೂತ್ರೆ ನನ್ನ ಕೈ ಬಿದ್ದೋಗ್ತದೆ."

"ಮೂವತ್ತು ವರ್ಷದಿಂದ ನಂದು ಬಿದ್ದಿಲ್ಲ."

"ನೀವ್ಯಾರು?"

ಟಪಾಲಣ್ಣ ಪಟ್ಟಿ ನೋಡಿ ಬೆರಳಿಟ್ಟ. "ಅರವತ್ನಾಲ್ಕನೇ ನಂಬರು."

ಮೊಹರು ಬೀಳತೊಡಗಿತು. ಮೂವತ್ತಕ್ಕೆ ಬರುವಷ್ಟರಲ್ಲಿ ಪ್ಯಾಡು ಒಣಗಿತು, ಅಕ್ಷರ ಮಸುಕಾಯಿತು. "ನಾಲ್ಕು ಹನಿ ನೀರು ಬಿಟ್ಟು ಬಿಸ್ಲಿಗೆ ಇಡಿ, ಏಳ್ತದೆ" ಅಂದ ಟಪಾಲಣ್ಣ. ಅಲ್ಲಿಯ ಜವಾನ ಕಿಟಕಿಯಲ್ಲಿ ಪ್ಯಾಡು ಇಟ್ಟ. ಕೋಣೆಯೆಲ್ಲ ಶಾಯಿಯ ವಾಸನೆ... ಕಾಯುವಾಗ ಮಾತಿಗೆ ಮಾತು ಬಂದು, ಆ ಜವಾನನೂ ಹನ್ನೊಂದು ವರ್ಷದಿಂದ ಗುತ್ತಿಗೆಯಲ್ಲೇ ಇದ್ದಾನೆ ಎಂದು ತಿಳಿಯಿತು. ಟಪಾಲಣ್ಣ ಅವನಿಗೆ ಪೆಂಡಾಲಿನ ದಾರಿ ಹೇಳಿಕೊಟ್ಟ. ಎಂಬತ್ತು ದಾಟಿದ ಮೇಲೆ ಗುಮಾಸ್ತನೇ ಗಟ್ಟಿಯಾಗಿ ಎಣಿಸತೊಡಗಿದ. ಏಡಿಯ ಅಜ್ಜಿಯದು ನೂರಾ ಏಳನೆಯದು. ಅದನ್ನು ಮಾತ್ರ ಅವನು ತೆರೆದು ಓದಿ, ಕನ್ನಡಕ ತೆಗೆದು ಒರೆಸಿ, "ಇದಕ್ಕೆ ಉತ್ರ ಕೊಡೂದು ಸಾಹೇಬ್ರಿಗೂ ಕಷ್ಟ" ಅಂದ. ಆಗ ಗಡಿಯಾರದಲ್ಲಿ ನಾಲ್ಕೂವರೆ.

ಮರುದಿನ ನಮ್ಮನ್ನು ಯಾರೂ ಕರೆಯಲಿಲ್ಲ. ಆದರೂ ಅದೇ ಮೂವತ್ತೆಂಟು ಜನ ಹೊನ್ನಾವರದ ಪೆಂಡಾಲಿಗೆ ಹೋದೆವು, ಗಂಜಿಯ ಪಾತ್ರೆ ಮತ್ತು ಒಣಮೀನಿನ ಚಟ್ನಿ ಹೊತ್ತುಕೊಂಡು. ಯಾರೋ ಅವ್ವನ ಕೈಗೆ ಮೈಕು ಕೊಟ್ಟುಬಿಟ್ಟರು. ಅವಳು ಅದನ್ನು ಬಳಚು ಹಿಡಿದಂತೆ ಹಿಡಿದು ಹೇಳಿದ್ದು ಎರಡೇ ಮಾತು. "ಇಂವ ನಂಗೆ ನನ್ನ ಹೆಸ್ರು ಬರೆಯೂಕೆ ಕಲ್ಸಿದಂವ. ಇಂವಂದು ಅರ್ಧ ಕೆಲ್ಸ ಅಂದವ್ರು ಯಾರು, ಎದ್ದು ನಿಲ್ಲಿ." ಯಾರೂ ಎದ್ದು ನಿಲ್ಲಲಿಲ್ಲ. ಚಪ್ಪಾಳೆಗೆ ಪೆಂಡಾಲಿನ ಕಾಗೆಗಳೆಲ್ಲ ಹಾರಿದವು. ಟಪಾಲಣ್ಣ ಗಂಜಿಯ ತಾಟಿನಲ್ಲಿ ಮುಖ ಹುದುಗಿಸಿ ಕೂತಿದ್ದ.

ಗಜನಿಯ ಕಡತ ಮುಂದೆ ಎಲ್ಲೋ ಮಲಗಿತು. ಮತ್ತೆ ಎದ್ದರೂ ಏಳಬಹುದು, ನಮ್ಮ ಪಟ್ಟಿ ಈಗಲೂ ನನ್ನ ಟ್ರಂಕಿನಲ್ಲಿದೆ. ಮುಷ್ಕರವೂ ಕೆಲವು ಭರವಸೆಗಳ ಮೇಲೆ ಮುಗಿಯಿತು. ಟಪಾಲಣ್ಣನ ನಿವೃತ್ತಿಗೆ ಅವು ಬಂದು ಮುಟ್ಟಲಿಲ್ಲ. ಪಿಂಚಣಿ ಇಲ್ಲದೆಯೇ ಮನೆಗೆ ಹೋದ. ಇದನ್ನು ಸಿಹಿ ಮಾಡಿ ಬರೆಯಲು ನನಗೆ ಬರುವುದಿಲ್ಲ.

ಹೊಳೆ ಉಳಿಸಿ ಎಂದು ಕೂತವರನ್ನು ಅಭಿವೃದ್ಧಿಗೆ ಅಡ್ಡ ಅನ್ನುವವರನ್ನೂ, ಸಂಬಳಕ್ಕಾಗಿ ಕೂತ ನೌಕರರನ್ನು ಸೋಮಾರಿಗಳು ಅನ್ನುವವರನ್ನೂ ನಾನು ಬಸ್ಸಿನಲ್ಲಿ ದಿನಾ ಕೇಳುತ್ತೇನೆ. ಹೆಚ್ಚಿನ ಸಲ ಎರಡನ್ನೂ ಅನ್ನುವುದು ಒಂದೇ ಬಾಯಿ. ಇನ್ನೂ ಬೇಸರದ ಸಂಗತಿಯೆಂದರೆ ಆ ಎರಡೂ ಕಡೆ ಕೂತವರು ಒಬ್ಬರನ್ನೊಬ್ಬರು ಹಾಗೆಯೇ ಅಂದುಕೊಳ್ಳುವುದು. ನಾನೂ ಅಂದವಳೇ, ಅವನ ಜಗಲಿಯಲ್ಲೇ ನಿಂತು. ಗಜನಿ ಕಾಯುವವರಿಗೂ ಟಪಾಲು ಹೊರುವವರಿಗೂ ಊರು ಒಂದೇ ಎಂಬುದು ನನಗೆ ಕಾಲೇಜಿನಲ್ಲಿ ಸಿಕ್ಕ ಪಾಠವಲ್ಲ.

ನಿವೃತ್ತಿಯ ಹಿಂದಿನ ವಾರ ಅವನು ನಮ್ಮನೆಗೆ ಕೊನೆಯ ರಿಜಿಸ್ಟರ್ ತಂದ. ನನ್ನ ಅಂತಿಮ ವರ್ಷದ ಅಂಕಪಟ್ಟಿ. ಸೈಕಲ್ಲಿನ ಗಂಟೆ ಬೇಲಿಯಿಂದಲೇ ಬಾರಿಸುತ್ತ ಬಂದಿದ್ದ. ನಾನು ಅವಸರದಲ್ಲಿ ಸಹಿ ಗೀಚಿದರೆ ಕಾಗದ ಕೊಡಲಿಲ್ಲ.

"ಪೂರ್ತಿ ಬರಿ. ಮುಂದೆ ಬಿ.ಎ. ಅಂತ ಹಾಕು."

"ಟಪಾಲಣ್ಣ, ಸಹಿಯಲ್ಲಿ ಅದನ್ನೆಲ್ಲ ಹಾಕೂದಿಲ್ಲ."

"ನಿನ್ನ ಅವ್ವ ಒಂದೊಂದಕ್ಷರಕ್ಕೆ ಒಂದೊಂದು ತಿಂಗ್ಳು ತಗಂಡಳು. ನೀ ಈ ಎರಡಕ್ಷರಕ್ಕೆ ಮೂರು ವರ್ಷ ತಗಂಡೆ. ಹಾಕು, ನಾ ನೋಡ್ಬೇಕು."

ಹಾಕಿದೆ. ಅವನು ಬಹಳ ಹೊತ್ತು ನೋಡಿದ.

ಅವನು ಹೋಗಿ ಮೂರು ವರ್ಷವಾಯಿತು. ಪೋಸ್ಟಾಫೀಸು ಬೇರೆ ಕಡೆಗೆ ಹೋಗಿದೆ. ಜಗಲಿಯ ಕಂಬದಲ್ಲಿ ಡಬ್ಬಿ ಇದ್ದ ಜಾಗದಲ್ಲಿ ಎರಡು ಮೊಳೆ ಉಳಿದಿವೆ. ಅವನು ತೀರಿಕೊಂಡ ಸುದ್ದಿ ನನಗೆ ಫೋನಿನಲ್ಲಿ ಬಂತು. ಸಹಿ ಕೇಳದೆ ಬಂದ ಸುದ್ದಿ ಅದು...

ಮೊನ್ನೆ ಹೊನ್ನಾವರದ ಗುಮಾಸ್ತ ನನ್ನ ಪ್ರತಿಗೆ ಮೊಹರು ಒತ್ತಿ, ತನ್ನ ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿ, "ಇಲ್ಲಿ ಒಂದು ಸಹಿ ಮಾಡಿ" ಅಂದ. ಪೂರ್ತಿ ಹೆಸರು ಬರೆದೆ. ಮುಂದೆ ಬಿ.ಎ. ಅಂತ ಹಾಕಿದೆ.

"ಅದೆಂತಕ್ಕೆ ಮೇಡಂ? ಅದೆಲ್ಲಾ ಬೇಡ" ಅಂದ ಅವನು.

"ನಿಮಗೆ ಬೇಡ" ಅಂದೆ. "ನೋಡುವವನೊಬ್ಬ ಇದ್ದ."