ಫೋನಿನಲ್ಲಿ ಇಲ್ಲದ ಉತ್ತರ

ಬಸ್ಸಿನ ಬೋರ್ಡು ಕನ್ನಡ, ಅಂಗಡಿಗಳ ಹೆಸರೂ ಕನ್ನಡ. ಆದರೆ ಉಡುಪಿಯ ಆಸ್ಪತ್ರೆಯಲ್ಲಿ ಮೊದಲ ದಿನ ಒಬ್ಬ ಅಜ್ಜಿ ಹೊಟ್ಟೆ ಹಿಡಿದುಕೊಂಡು ಹೇಳಿದ್ದರಲ್ಲಿ ಒಂದು ಮಾತೂ ನನಗೆ ತಿಳಿಯಲಿಲ್ಲ. ಇಲ್ಲಿಯ ಮನೆಮಾತು ತುಳು. ಲಿಂಗಸುಗೂರಿನಿಂದ ನರ್ಸಿಂಗ್ ಓದಲು ಬಂದ ನಾನು ನಮ್ಮದೇ ರಾಜ್ಯದಲ್ಲಿ ಮೂಗಿಯಂತೆ ನಿಂತೆ.

ಸಂತೆಕಟ್ಟೆಯಲ್ಲಿ ಬಾಡಿಗೆ ಕೋಣೆ. ರೊಟ್ಟಿಯ ಜಾಗದಲ್ಲಿ ದಪ್ಪ ಕುಚ್ಚಲಕ್ಕಿ ಅನ್ನ. ಹೊಟ್ಟೆ ಬೇಗ ಒಗ್ಗಿಕೊಂಡಿತು, ಕಿವಿ ಒಗ್ಗಲಿಲ್ಲ. ನಮ್ಮ ಕಡೆ ಹುಡುಗಿ ಕಿವಿಗೆ ಇಯರ್‌ಫೋನ್ ಹಾಕಿದರೆ ಕೆಟ್ಟಳು ಎನ್ನುತ್ತಾರೆ. ಇಲ್ಲಿ ಮಣಿಪಾಲದ ಬಸ್ಸಿನಲ್ಲಿ ಅರ್ಧ ಜನ ಹಾಗೆಯೇ ಓದುತ್ತಾರೆ. ಪಾಠದ ರೆಕಾರ್ಡಿಂಗನ್ನು ನಿಧಾನ ಮಾಡಿ ಕೇಳಿದೆ, ಹೃದಯದ ವಿಡಿಯೊ ನಿಲ್ಲಿಸಿ ನಿಲ್ಲಿಸಿ ಚಿತ್ರ ಬರೆದೆ. ಇಂಗ್ಲಿಷು ಹೇಗೋ ದಾರಿಗೆ ಬಂತು. ಆದರೆ ರೋಗಿಯನ್ನು ಮಾತನಾಡಿಸಿ ವಿವರ ಪಡೆಯುವ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಫೇಲಾದೆ.

"ಈ ಸಲಾನೂ ಫೇಲಾದ್ರ ಮನಿಗೆ ಬಂದುಬಿಡವ್ವ," ಎಂದ ಅಪ್ಪ ಫೋನಿನಲ್ಲಿ. ಸಿಟ್ಟಿನಿಂದಲ್ಲ, ಮರುಕದಿಂದ. ಅದೇ ಹೆಚ್ಚು ಹೆದರಿಸಿತು.

ಕಾಪುವಿನ ಮೀನುಗಾರರ ಮನೆಯ ಹುಡುಗಿ ರಕ್ಷಿತಾ ನನ್ನ ಸಹಪಾಠಿ. "ಎಂತ ಮಾರಾಯ್ತಿ, ಅಳುದು ಎಂತಕ್ಕೆ? ಕೇಳಬೇಕಾದ ಪ್ರಶ್ನೆ ಎಲ್ಲ ತುಳುವಲ್ಲಿ ವಾಯ್ಸ್ ಮಾಡಿ ಕಳಿಸ್ತೇನೆ. ಕೇಳಿ ಕೇಳಿ ಬಾಯಿಪಾಠ ಮಾಡು," ಎಂದಳು. ಬೇನೆ ಓಲು? ನೋವೆಲ್ಲಿ? ಏತ್ ದಿನ ಆಂಡ್? ಎಷ್ಟು ದಿನವಾಯಿತು? ಬಸ್ಸಿನಲ್ಲಿ, ಬಟ್ಟೆ ಒಗೆಯುವಾಗ, ಅವಳ ದನಿಯ ಹಿಂದೆಯೇ ಗೊಣಗುತ್ತಿದ್ದೆ. ಎಲ್ಲ ಪ್ರಶ್ನೆಗಳೂ ಬಾಯಿಗೆ ಬಂದವು.

ಮರುಪರೀಕ್ಷೆಯ ದಿನ ಫೋನನ್ನು ಹೊರಗಿಡಿಸಿದರು. ಹಾಸಿಗೆಯ ಮೇಲೆ ಮೀನು ಮಾರುವ ಒಬ್ಬ ಅಜ್ಜಿ, ಪಕ್ಕದಲ್ಲಿ ಪೆನ್ನು ಹಿಡಿದ ಪರೀಕ್ಷಕಿ. ನಾನು "ಬೇನೆ ಓಲು?" ಎಂದೆ. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇಲ್ಲ್ ಓಲು?" ಎಂದರು. ನಿನ್ನ ಮನೆ ಎಲ್ಲಿ?

ಇಲ್ಲಿಯವರು ಮನೆ ಯಾವುದೆಂದು ತಿಳಿಯದೆ ಮಾತಿಗೆ ಕೂರುವುದಿಲ್ಲ. ರಕ್ಷಿತಾಗೆ ಅದು ಉಸಿರಾಡಿದಷ್ಟು ಸಹಜ, ಹಾಗಾಗಿ ಹೇಳಿಕೊಡಲು ತೋಚಿರಲಿಲ್ಲ. ಫೋನಿನ ತುಂಬ ನಾನು ಕೇಳುವ ಪ್ರಶ್ನೆಗಳೇ. ರೋಗಿಯೂ ನನ್ನನ್ನು ಕೇಳಬಹುದೆಂದು ನಮಗಿಬ್ಬರಿಗೂ ಹೊಳೆದಿರಲಿಲ್ಲ.

"ಸಂತೆಕಟ್ಟೆ," ಎಂದೆ.

"ಏರೆನ ಇಲ್ಲ್?" ಯಾರ ಮನೆ?

ಬಾಡಿಗೆ ಮನೆಗೆ ಯಾರ ಹೆಸರು ಹೇಳಲಿ? ಪರೀಕ್ಷಕಿ ಗಡಿಯಾರ ನೋಡಿದರು. ಅಜ್ಜಿ ಮುಖವನ್ನು ಗೋಡೆಯತ್ತ ತಿರುಗಿಸತೊಡಗಿದ್ದರು. ಕಿವಿಗೆ ಬಿದ್ದಿದ್ದ ಚೂರುಪಾರುಗಳನ್ನೇ ಜೋಡಿಸಿ, "ಎನ್ನ ಇಲ್ಲ್ ಮಸ್ತ್ ದೂರ, ಅಜ್ಜಿ. ಲಿಂಗಸುಗೂರು," ಎಂದೆ. ನನ್ನ ಮನೆ ಬಹಳ ದೂರ. ಯಾರೂ ಕಲಿಸದ ಮಾತು ಅದು. ಹೇಳುವಾಗ ಕಣ್ಣು ತುಂಬಿತು.

ಅಜ್ಜಿ ತಿರುಗಿ ನನ್ನ ಮಣಿಕಟ್ಟು ಹಿಡಿದರು. ಆಮೇಲೆ ಎಡಪಕ್ಕೆಯ ನೋವನ್ನು ಬಿಡಿಸಿ ಬಿಡಿಸಿ, ನಾನು ರೆಕಾರ್ಡಿಂಗ್ ಕೇಳುತ್ತಿದ್ದಷ್ಟೇ ನಿಧಾನವಾಗಿ ಹೇಳಿದರು. ನಾನು ಪಾಸಾದೆ.

ರಜೆಗೆ ಊರಿಗೆ ಹೊರಟಾಗ ಬಸ್ಸಿನಲ್ಲಿ ಪಕ್ಕದ ಹೆಂಗಸು, "ಯಾವೂರವ್ವ ನಿಂದು?" ಎಂದಳು. ನಾಲಿಗೆಗೆ ಮೊದಲು ಬಂದದ್ದು ಸಂತೆಕಟ್ಟೆ. ಅದನ್ನು ನುಂಗಿ ಲಿಂಗಸುಗೂರು ಎಂದೆ, ಅಪ್ಪನ ಹೆಸರನ್ನೂ ಹೇಳಿದೆ. ಆಕೆ ನನ್ನ ಮುಖ ನೋಡಿ ನಕ್ಕಳು.

"ಖರೇನಾ? ನಿನ್ನ ಮಾತು ನಮ್ಮ ಕಡೀದಲ್ಲವ್ವ."