ಆರು ವಾರ ಅಂದದ್ದು ಯಾರಿಗೆ

ಕೌಸಲ್ಯಾಬಾಯಿಗೆ ಸಿಟ್ಟು ಬಂದರೆ ಮಾತು ನಿಂತುಹೋಗುತ್ತಿತ್ತು. ಹದಿನೆಂಟು ವರ್ಷ ತನ್ನೂರು ಹಲಬರ್ಗಾದಿಂದ ದಿನಾ ಬೀದರಿಗೆ ಹೋಗಿ, ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ತೊಗರಿ ಜರಡಿ ಹಿಡಿದವಳು. ಯಾರಿಗೂ ಎದುರು ಮಾತಾಡಿದವಳಲ್ಲ.

ಮೂರು ವರ್ಷದಿಂದ ತಿಂಗಳಲ್ಲಿ ಹದಿನೈದು ದಿನ ಅವಳಿಗೆ ರಕ್ತ ಹೋಗುತ್ತಿತ್ತು. ಗರ್ಭಕೋಶದಲ್ಲಿ ಗಡ್ಡೆ. ಬೀದರಿನ ಡಾಕ್ಟರ್ ಮಾನಸಿ ಹೊಟ್ಟೆ ಸೀಳದೆ, ನಾಲ್ಕು ಸಣ್ಣ ತೂತುಗಳಿಂದ ದುರ್ಬೀನು ಇಳಿಸಿ ಗರ್ಭಕೋಶ ತೆಗೆದರು. ಮರುದಿನವೇ ಅವಳು ಎದ್ದು ಓಡಾಡಿದಳು, ಮೂರನೆಯ ದಿನ ಮನೆಗೆ ಬಂದಳು. ಕೆಲಸ ಚೊಕ್ಕವಾಗಿಯೇ ಆಗಿತ್ತು.

ಆರೈಕೆಗೆಂದು ನಾದಿನಿ ಜನಾಬಾಯಿ ಔರಾದ ಕಡೆಯ ಚಿಂತಾಕಿಯಿಂದ ಬಂದಳು. ಬಂದವಳೇ ಸೀರೆ ಸರಿಸಿ ನೋಡಿದಳು.

"ಇಷ್ಟೇ ಏನು ವೈನಿ? ನನಗ ಗರ್ಭಚೀಲ ತೆಗಿಯಾಗ ಈ ತುದಿಯಿಂದ ಆ ತುದಿ ಸೀಳಿದ್ರು. ಮೂರು ತಿಂಗಳು ಮಲಗಿದ್ದೆ. ನಿಂದು ಸೊಳ್ಳಿ ಕಡದಂಗ ಅದ!"

ಗಂಡ ಗೋರಖನಾಥ ಹೊಸ್ತಿಲ ಮೇಲೆ ಕೂತು ನಕ್ಕ. "ಹೊಸಾ ಮಷೀನು. ಕೊಯ್ಯೋದೇ ಇಲ್ಲ!"

ಜನಾಬಾಯಿ ನಾಲ್ಕೇ ದಿನಕ್ಕೆ ಊರಿಗೆ ಹೊರಟುಹೋದಳು. ಓಣಿಯ ಹೆಂಗಸರೂ ಬಂದು ತೂತು ನೋಡಿ ನಕ್ಕು ಹೋದರು. ಹನ್ನೆರಡನೆಯ ದಿನ, ಮಲಗಿರುವುದಕ್ಕೇ ನಾಚಿಕೆಯಾಗಿ, ಕೌಸಲ್ಯಾಬಾಯಿ ನಳದ ಕೆಳಗಿನ ತುಂಬಿದ ಕೊಡ ಎತ್ತಿ ಸೊಂಟಕ್ಕಿಟ್ಟಳು. ಒಳಗೇನೋ ಹರಿದಂತಾಯಿತು. ಮನೆ ಸೇರುವಷ್ಟರಲ್ಲಿ ಕಾಲಗುಂಟ ರಕ್ತ ಇಳಿಯಿತು.

ಬೀದರಿಗೆ ಒಯ್ದರು. ಡಾಕ್ಟರ್ ಮತ್ತೆ ಹೊಲಿಗೆ ಹಾಕಿದರು. ಮರುದಿನ ಮಂಚದ ಬಳಿ ಬಂದು ಗದರಿದರು.

"ಆರು ವಾರ ಭಾರ ಎತ್ತಬ್ಯಾಡ ಅಂತ ಹೇಳಿದ್ನಲ್ಲ? ತೂತು ಸಣ್ಣವು ಖರೇ. ಗರ್ಭಚೀಲ ಕತ್ತರಿಸಿದ ಜಾಗದಾಗ ಒಳಗ ಹೊಲಿಗಿ ಅದ. ಹೊಟ್ಟಿ ಸೀಳಿದ್ರೂ ಅದೇ ಹೊಲಿಗಿ. ಮಾಯಾಕ ಟೈಮ್ ಬೇಕು."

"ಯಾರಿಗಿ ಹೇಳಿದ್ರಿ?"

"ನಿಮ್ಮ ಯಜಮಾನರಿಗಿ. ಚೀಟಿಯಾಗೂ ಬರದೀನಿ."

ಚೀಟಿ ಇಂಗ್ಲಿಷಿನಲ್ಲಿತ್ತು. ಗೋರಖನಾಥ ನೆಲ ನೋಡಿದ. "ಹೇಳಿದ್ರು. ಡಾಕ್ಟರ್ ಮಂದಿ ಎಲ್ಲಾರಿಗೂ ಹಂಗೇ ಹೇಳ್ತಾರ ಅನ್ಕೊಂಡೆ."

"ಹೊಟ್ಟಿ ಯಾರದು?"

ಕೌಸಲ್ಯಾಬಾಯಿಯ ಆ ದನಿಗೆ ಪಕ್ಕದ ಮಂಚದವರು ಎದ್ದು ಕೂತರು.

"ಕೊಯ್ಯಿಸ್ಕೊಂಡಾಕಿ ನಾನು, ಮಾತೆಲ್ಲಾ ಇವನ ಕೂಡ! ನನಗ ಕಿವಿ ಇರಲಿಲ್ಲೇನ್ರಿ ಡಾಕ್ಟರ್ ಬಾಯಾರ? ಕೊಡ ಎತ್ತಾಕಿ ನಾನ್ರಿ, ಇವನಲ್ಲ. ಈಗ ಹೇಳ್ರಿ. ನನಗ ಹೇಳ್ರಿ."

ಡಾಕ್ಟರ್ ಸ್ಟೂಲು ಎಳೆದುಕೊಂಡು ಕೂತರು. ಎಷ್ಟು ಭಾರ, ಎಷ್ಟು ದಿನ, ಗಂಡನ ಜೊತೆ ಮಲಗುವುದು ಯಾವಾಗ, ಜ್ವರ ಬಂದರೆ, ವಾಸನೆ ಬಂದರೆ ಏನು ಮಾಡಬೇಕು, ಎಲ್ಲ ಹೇಳಿದರು. ಕೌಸಲ್ಯಾಬಾಯಿ ಒಂದೊಂದನ್ನೂ ತಿರುಗಿ ಹೇಳಿ ಒಪ್ಪಿಸಿದಳು. ಗಂಡನ ಕಡೆ ಒಮ್ಮೆಯೂ ನೋಡಲಿಲ್ಲ.

ಊರಿಗೆ ಮರಳಿದ ದಿನ ನಳಕ್ಕೆ ನೀರು ಬಂತು. ಪಕ್ಕದ ಮನೆಯವಳು ಇಣುಕಿದಳು. "ತೂತು ಮಾಯ್ದಾವಲ್ಲ ಅಕ್ಕಾ, ತೋರ್ಸು."

"ಹೊಲಿಗಿ ಒಳಗ ಅದ. ನಿನಗ ಕಾಣಂಗಿಲ್ಲ," ಎಂದು ಕೌಸಲ್ಯಾಬಾಯಿ ಸೆರಗು ಬಿಗಿದಳು. ಆಮೇಲೆ ಗಂಡನಿಗೆ ಬೆರಳಿನಿಂದ ಕೊಡ ತೋರಿಸಿದಳು.

ಗೋರಖನಾಥ ಕೊಡ ಹಿಡಿದು ಹೆಂಗಸರ ಸಾಲಿನಲ್ಲಿ ನಿಂತ. ಈ ಸಲ ಅವರು ನಕ್ಕದ್ದು ಅವನನ್ನು ನೋಡಿ. ಒಳಗೆ ಮಲಗಿದ್ದ ಅವಳಿಗೆ ನಗು ಬರಲಿಲ್ಲ. ಆರು ವಾರ ಈಗ ಮತ್ತೆ ಮೊದಲಿಂದ ಎಂದು ಡಾಕ್ಟರ್ ಹೇಳಿದ್ದರು. ವ್ಯರ್ಥವಾಗಿ ಹೋದ ಆ ಹನ್ನೆರಡು ದಿನಗಳ ಸಿಟ್ಟು ಇನ್ನೂ ಇಳಿದಿರಲಿಲ್ಲ.