ಗೋಮತಿ ಟೀಚರ್ ಮುಟ್ಟದ ಬಿರಡೆ

ಎಂಟು ತಿಂಗಳಾದರೂ ನನ್ನ ಮಗಳು ತೃಷಾಳಿಗೆ ಪಿಟೀಲಿನಲ್ಲಿ ಒಂದೇ ಒಂದು ಹಾಡು ಬಾರದು. ಈ ಚಿಂತೆ ಒಲೆಯ ಮುಂದೆಯೂ ನನ್ನನ್ನು ಬಿಡುತ್ತಿರಲಿಲ್ಲ, ಸ್ಕೂಟರಿನಲ್ಲೂ ಬಿಡುತ್ತಿರಲಿಲ್ಲ. ಅವಳ ತರಗತಿಯ ಹುಡುಗಿಯೊಬ್ಬಳು ಕೀಬೋರ್ಡಿನಲ್ಲಿ ಆಗಲೇ ನಾಲ್ಕು ಹಾಡು ನುಡಿಸುತ್ತಾಳೆ. ಆ ಹುಡುಗಿಯ ತಾಯಿ ವಾಟ್ಸಾಪಿಗೆ ವಿಡಿಯೋ ಹಾಕುತ್ತಾರೆ. ನಾನು ಚಪ್ಪಾಳೆಯ ಚಿತ್ರ ಒತ್ತಿ, ಅದೇ ವಿಡಿಯೋವನ್ನು ಇನ್ನೊಮ್ಮೆ ನೋಡುತ್ತೇನೆ. ಮೈಸೂರಿನ ಶಾಲೆಯಲ್ಲಿ ಓದಿದವಳು ನಾನು. ಯಾವುದಕ್ಕೂ ಪಠ್ಯ, ಪರೀಕ್ಷೆ, ಅಂಕ ಇದ್ದರೇ ನನಗೆ ಸಮಾಧಾನ.

ಗೋಮತಿ ಟೀಚರಲ್ಲಿ ಅದ್ಯಾವುದೂ ಇಲ್ಲ. ಸಾಲಿಗ್ರಾಮದ ಪೇಟೆ ದಾಟಿ ಸ್ವಲ್ಪ ಒಳಗೆ ಅವರ ಮನೆ. ವಯಸ್ಸು ಅರವತ್ತೆಂಟು. ಅಪ್ಪ ದೇವಸ್ಥಾನದ ಚಾಕರಿಯಲ್ಲಿದ್ದವರು. ಐದು ಮಕ್ಕಳಿಗೆ ಒಂದೇ ಪಿಟೀಲು. ಸೋಮವಾರ ಬಾರ್ಕೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಮೇಷ್ಟ್ರ ಮುಂದೆ ಕೊನೆಗೆ ಉಳಿದವರು ಇವರೊಬ್ಬರೇ. ಮದುವೆಯಾಗಿ ಮುಂಬೈಗೆ ಹೋದರು. ಗಂಡ ಹೋಟೆಲಿನಲ್ಲಿ, ಸಂಸಾರ ಒಂದು ಕೋಣೆಯಲ್ಲಿ. ಪಕ್ಕದ ಮನೆಯ ಹಸುಗೂಸು ಏಳದಿರಲೆಂದು ತಂತಿಗಳನ್ನು ಎತ್ತಿ ಹಿಡಿಯುವ ಕುದುರೆ ಎಂಬ ಮರದ ತುಂಡಿಗೆ ಬಟ್ಟೆ ಕ್ಲಿಪ್ಪು ಸಿಕ್ಕಿಸಿ, ಸದ್ದು ಸಣ್ಣದು ಮಾಡಿಕೊಂಡು ನುಡಿಸುತ್ತಿದ್ದರಂತೆ.

"ಹಾಂಗ್ ನುಡ್ಸಿ ನುಡ್ಸಿಯೇ ನಂಗ್ ಕೇಂಬುಕೆ ಬಂದದ್ದ್," ಎಂದು ಒಮ್ಮೆ ಕಿವಿ ಮುಟ್ಟಿಕೊಂಡು ನಗುತ್ತ ಹೇಳಿದ್ದರು.

ಊರಿಗೆ ಮರಳಿ ಮೂವತ್ತು ವರ್ಷವಾಯಿತು. ಒಂದು ಹೊತ್ತಿಗೆ ಒಂದೇ ಮಗುವಿಗೆ ಪಾಠ, ಅದು ಅವರ ಹಟ. ಇನ್ನೊಂದು ಹಟವೂ ಇದೆ: ತಂತಿ ಬಿಗಿಯುವ ಬಿರಡೆಗೆ ಅವರು ಕೈ ಹಚ್ಚುವುದಿಲ್ಲ. ಮಗುವೇ ತಿರುಗಿಸಿ ಶ್ರುತಿ ಸೇರಿಸಬೇಕು. ಎರಡು ತಂತಿ ಕೂಡದಿದ್ದರೆ ಸ್ವರದಲ್ಲಿ ಸಣ್ಣ ನಡುಕ ಇರುತ್ತದಂತೆ. ಅದು ನಿಲ್ಲುವವರೆಗೆ ಪಾಠ ಶುರುವಿಲ್ಲ. ಕೆಲವು ದಿನ ಮುಕ್ಕಾಲು ಗಂಟೆ ಅದರಲ್ಲೇ ಕಳೆಯುತ್ತಿತ್ತು. ಹೊರಡುವಾಗ ಒಂದು ಲೋಟ ಮಜ್ಜಿಗೆ ಕೊಟ್ಟು, "ಇವತ್ತ್ ಲಾಯ್ಕ್ ಕೇಂಡೆ ಮಗಾ," ಎಂದು ತಲೆ ಸವರುತ್ತಿದ್ದರು. ಕೇಳಿದ್ದಕ್ಕೂ ಶಹಬ್ಬಾಸ್‌ಗಿರಿಯೇ ಎಂದು ಜಗಲಿಯಲ್ಲಿ ಕುಳಿತ ನನಗೆ ಮೈ ಉರಿಯುತ್ತಿತ್ತು.

ಶಾಲೆಯ ವಾರ್ಷಿಕೋತ್ಸವ ಹತ್ತಿರ ಬಂತು. ನಾನೊಂದು ಉಪಾಯ ಹೂಡಿದೆ. ಫೋನಿಗೆ ಶ್ರುತಿ ತೋರಿಸುವ ಆ್ಯಪ್ ಹಾಕಿಕೊಂಡು, ಮುಳ್ಳು ಸರಿಯಾಗಿ ನಡುವೆ ನಿಲ್ಲುವವರೆಗೆ ಮನೆಯಲ್ಲೇ ನಾನು ಬಿರಡೆ ತಿರುಗಿಸಿದೆ. ಪಾಠದಲ್ಲಿ ಉಳಿಯುವ ಹೊತ್ತಿನಲ್ಲಿ ವೇದಿಕೆಗೆ ಒಂದು ಹಾಡಾದರೂ ಆಗಲಿ ಎಂದು. ಎರಡು ವಾರ ಟೀಚರ್ ಏನೂ ಅನ್ನಲಿಲ್ಲ. ಮೂರನೆಯ ವಾರ ಕಮಾನು ಎಳೆಯಲು ಬಿಡದೆ ಹೇಳಿದರು:

"ನಾಕೂ ತಂತಿ ಸಡ್ಲ್ ಮಾಡ್ ಮಗಾ. ಹ್ಞಾಂ. ಈಗ ನೀನೇ ಸೇರ್ಸ್."

ತೃಷಾ ಕಣ್ಣು ತುಂಬಿಕೊಂಡಳು. ನಾನು ಒಳಗೆ ನುಗ್ಗಿದೆ. "ಟೀಚರ್, ಹೀಗಾದರೆ ಇವಳು ಕಲಿಯುವುದು ಯಾವಾಗ?"

"ಕಲೀತಾ ಇತ್ತಲ್ದಾ ಮಾರಾಯ್ತಿ, ನೀನ್ ಬಿಟ್ರೆ."

ಆ ಮಾತು ಚುಚ್ಚಿತು. ಪೆಟ್ಟಿಗೆ ಮುಚ್ಚಿ, ಇನ್ನು ಬರುವುದಿಲ್ಲ ಎಂದು ಹೇಳಿ, ಮಗಳ ಕೈ ಹಿಡಿದು ಹೊರಟೆ.

ಮನೆಯಲ್ಲಿ ಅತ್ತೆ ಕುಸುಮಾವತಿ ನನ್ನ ಮುಖ ನೋಡಿದ ಕೂಡಲೇ ತಿಳಿದುಕೊಂಡರು. "ಡ್ಯಾನ್ಸಿನವ್ರ್ ಆಯ್ತ್, ಈಜ್ ಕಲ್ಸುವವ್ರ್ ಆಯ್ತ್, ಈಗ ಇವ್ರಾ? ಇನ್ನ್ ಜಗಳ ಮಾಡುಕೆ ಈ ಊರಗೆ ಟೀಚರೇ ಉಳ್ದಿಲ್ಲೆ ನಿಂಗೆ."

ಮೂರು ವಾರ ಪಿಟೀಲು ಕಪಾಟಿನ ಮೇಲಿತ್ತು; ವಾರ್ಷಿಕೋತ್ಸವ ಅದಿಲ್ಲದೆಯೇ ಮುಗಿಯಿತು. ತೃಷಾ ಅದರ ಮಾತೇ ಎತ್ತಲಿಲ್ಲ. ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು.

ಮೊನ್ನೆ ಮರವಂತೆಯಿಂದ ನಾವಿಬ್ಬರೂ ಬರುವಾಗ ತ್ರಾಸಿಯ ಹತ್ತಿರ ಸ್ಕೂಟರು ಕಿರುಗುಟ್ಟತೊಡಗಿತು. ಹೆದ್ದಾರಿ ಬದಿಯ ಗ್ಯಾರೇಜು ಭೋಜ ಎಂಬವರದು. ದೋಣಿಯ ಎಂಜಿನ್ನುಗಳೇ ಹೆಚ್ಚು ಬರುವ ಜಾಗ. ಅವರು ಸ್ಕೂಟರನ್ನು ಮೆಲ್ಲಗೆ ದೂಡುತ್ತ ಕಣ್ಣು ಮುಚ್ಚಿ ಕಿವಿ ಕೊಟ್ಟರು.

"ಮುಂದಿನ್ ಚಕ್ರದ್ ಬೇರಿಂಗ್."

"ಇನ್ನೊಂದ್ ಶಬ್ದ ಇತ್ತ್ ಅಂಕಲ್," ಎಂದಳು ತೃಷಾ. "ಹಿಂದೆ. ಸಣ್ಣದ್."

ನನಗೆ ಒಂದೇ ಸದ್ದು ಕೇಳುತ್ತಿತ್ತು. ಭೋಜ ಮತ್ತೆ ದೂಡಿದರು, ಬಗ್ಗಿದರು. ಹಿಂದಿನ ಬ್ರೇಕು ಸವೆದು ಉಜ್ಜುತ್ತಿತ್ತು.

"ಹ್ವಾಯ್! ಹೀಂಗ್ ಕೇಂಬುಕೆ ಯಾರ್ ಕಲ್ಸದ್ದ್ ಅಪ್ಪಿ ನಿಂಗೆ?"

"ಸಾಲಿಗ್ರಾಮದ್ ಗೋಮತಿ ಟೀಚರ್."

ಭೋಜ ಗಟ್ಟಿಯಾಗಿ ನಕ್ಕರು. "ಹಂಗಾರೆ ನಾವಿಬ್ರೂ ಒಂದೇ ಶಾಲೆ!"

ಭೋಜರ ತಾಯಿ ಸಾಲಿಗ್ರಾಮದಲ್ಲಿ ಮೀನು ಮಾರುತ್ತಿದ್ದ ಕಾಲದಲ್ಲಿ, ಅಲ್ಲಿನ ಬಸ್ ನಿಲ್ದಾಣದಲ್ಲಿ ಎಂಜಿನ್ನಿನ ಸದ್ದನ್ನು ಬಾಯಲ್ಲಿ ಮಾಡುತ್ತಿದ್ದ ಅವರನ್ನು ಟೀಚರೇ ಮನೆಗೆ ಕರೆದಿದ್ದರಂತೆ. "ನಂಗೆ ಹೆದ್ರಿಕಿ. ಬ್ರಾಂಬ್ರ್ ಮನಿ, ಕೈಯೆಲ್ಲ ಮೀನಿನ್ ವಾಸ್ನಿ. 'ಕೈ ತೊಳ್ಕಂಡ್ ಬಾ, ಇಲ್ದಿರೆ ತಂತಿ ಜಾರತ್ತ್' ಅಂದ್ರ್, ಅಷ್ಟೇ. ನಾಕ್ ವರ್ಷ ಹೋದೆ. ಒಂದ್ ದಿನವೂ ಸ್ಟೇಜ್ ಹತ್ಲಿಲ್ಲೆ. ಆರೆ ಈಗ್ಲೂ ಸಂಜಿಗೆ ಒಂಚೂರ್ ನುಡ್ಸ್ತೆ. ಎಂಥ ಬೇಜಾರಿದ್ರೂ ಮನ್ಸ್ ನಿಲ್ತ್ ಕಾಣಿ."

ದಾರಿಯಲ್ಲಿ ಸ್ಕೂಟರನ್ನು ನಿಧಾನಕ್ಕೆ ಬಿಟ್ಟೆ. ಏನೂ ಕಲಿಯದ ಎಂಟು ತಿಂಗಳು ಎಂದು ನಾನು ಲೆಕ್ಕ ಹಾಕಿದ್ದೆ. ನನಗೆ ಕೇಳದ್ದು ಏಳು ವರ್ಷದ ಇವಳಿಗೆ ಕೇಳುತ್ತಿತ್ತು.

"ಟೀಚರ ಹತ್ತಿರ ಮತ್ತೆ ಹೋಗ್ತೀಯಾ?" ಎಂದೆ.

"ನೀನೇ ಅಲ್ವಾ ಬೇಡ ಅಂದದ್ದು?" ಎಂದಳು ಬೆನ್ನ ಹಿಂದಿನಿಂದ.

ಮನೆಗೆ ಬಂದು ಫೋನ್ ಎತ್ತಿಕೊಂಡೆ, ಇಟ್ಟೆ, ಮತ್ತೆ ಎತ್ತಿಕೊಂಡೆ. "ಮಾಡ್ ಹೆಣೆ, ಅವ್ರೆಂತ ಹುಲಿಯಾ?" ಎಂದರು ಅತ್ತೆ. ಮಾಡಿದೆ.

"ಯಾರ್?"

"ತೃಷಾಳ ಅಮ್ಮ, ಟೀಚರ್. ಮನೆಯಲ್ಲಿ ಶ್ರುತಿ ಮಾಡಿ ತರುತ್ತಿದ್ದದ್ದು ನಾನು. ತಪ್ಪಾಯ್ತು. ಅವಳನ್ನು ಮತ್ತೆ..."

"ನೀನೇ ಅಂದ್ ನಂಗ್ ಗೊತ್ತಿತ್ತ್. ಫೋನ್ ಅವ್ಳಿಗ್ ಕೊಡ್."

ಕೊಟ್ಟೆ. ತೃಷಾ ಎರಡೂ ಕೈಯಲ್ಲಿ ಫೋನ್ ಹಿಡಿದು ನೆಟ್ಟಗೆ ನಿಂತಳು. "ಹ್ಞಾಂ ಟೀಚರ್... ಸೋಮವಾರವಾ? ಬತ್ತೆ..." ನನ್ನ ಕಡೆ ಒಮ್ಮೆ ನೋಡಿದಳು. "ಇಲ್ಲೆ ಟೀಚರ್, ಆಮೇಲೆ ಅಮ್ಮ ಬಿರಡೆ ಮುಟ್ಲಿಲ್ಲೆ."